ರೊಟ್ಟಿ ಬಡಿಯುವ ಕೈಗೊಂದು ಉಂಗುರ

ಹಿಟ್ಟು ನಾದುವ ಹೆಂಗಸು ಹರಳಿನ ಉಂಗುರ ಹಾಕಬಾರದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳಿಯಾಳದಲ್ಲಿ ಅರ್ಧ ಆಯುಷ್ಯ ಜೋಳದ ರೊಟ್ಟಿ ಬಡಿದು ಮಾರಿದವಳು ನಾನು. ದಾಂಡೇಲಿಯ ರೆಸಾರ್ಟುಗಳಿಗೆ, ಜೋಯಿಡಾ ಕಡೆಯ ಹೋಮ್‌ಸ್ಟೇಗಳಿಗೆ, ಅಂಬಿಕಾನಗರದ ಕ್ವಾರ್ಟರ್ಸಿನ ಕೆಲವು ಮನೆಗಳಿಗೆ ಈಗಲೂ ನನ್ನ ರೊಟ್ಟಿಯೇ ಹೋಗುವುದು. ಬೆರಳಲ್ಲಿ ಏನಾದರೂ ಇದ್ದರೆ ರೊಟ್ಟಿಗೆ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ಹರಿಯುತ್ತದೆ, ಹರಿದ ರೊಟ್ಟಿ ಉಬ್ಬುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಅಂದರೆ ಬೇರೆ ಏನು ಮಾಡಬೇಕಿತ್ತು, ನೀವೇ ಹೇಳಿ.

ಉಂಗುರ ನನ್ನ ನಾದಿನಿಯದು, ನನ್ನ ಗಂಡನ ತಂಗಿಯದು. ಅವಳನ್ನು ಸಾಂಬ್ರಾಣಿ ಎಂಬ ಊರಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ನಾಲ್ಕು ದಿನ ಇದ್ದು ಹೋಗುವವಳ ಹಾಗೆ ಒಂದೇ ಚೀಲ ಹಿಡಿದು ಅಣ್ಣನ ಮನೆಗೆ ಬಂದವಳು ಉಳಿದೇಬಿಟ್ಟಳು. ಆಮೇಲೆ ಅಣ್ಣನೂ ಹೋದ. ಉಳಿದದ್ದು ನಾವಿಬ್ಬರೇ. ಹೊಟ್ಟೆಗೆ ಒಂದು ದಾರಿ ಬೇಕಲ್ಲ, ರೊಟ್ಟಿ ಶುರು ಮಾಡಿದೆವು. ನನಗೂ ಮಕ್ಕಳಿಲ್ಲ. ನೆರೆಯವರು ಮೊದಮೊದಲು ನಮ್ಮನ್ನು ಕಂಡು ಅಯ್ಯೋ ಪಾಪ ಅನ್ನುತ್ತಿದ್ದರು. ನಾವಿಬ್ಬರೂ ಜಗಳಾಡುವ ದನಿ ಕೇಳಿದ ಮೇಲೆ ಪಾಪ ಅನ್ನುವುದನ್ನು ಬಿಟ್ಟರು.

ಜಗಳ ಅಂದರೆ ಎಂಥದ್ದಕ್ಕೂ ಜಗಳ. ಉಪ್ಪಿಗೆ, ಫ್ಯಾನಿಗೆ, ಬಾಗಿಲು ಹಾಕಿದ್ದಕ್ಕೆ, ಹಾಕದಿದ್ದಕ್ಕೆ. ಕೆಲಸದಲ್ಲಿ ಮಾತ್ರ ಒಂದು ದಿನವೂ ತಂಟೆ ಬಂದದ್ದಿಲ್ಲ. ನಾನು ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕುವುದು. ಅವಳು ಬಲಗೈಯಲ್ಲಿ ಒದ್ದೆ ಅರಿವೆ ಹಿಡಿದು ನೀರು ಸವರಿ, ತಿರುವಿ ಹಾಕಿ ಸುಡುವುದು. ಪಾತ್ರೆ ತೊಳೆಯುವುದು ನನ್ನ ಪಾಲು, ಕಸ ಗುಡಿಸುವುದು ಅವಳದು. ಹಂಚಿನ ಆಚೆ ಬದಿಗೆ ಅವಳ ಎಡಗೈ, ಎಡಗೈಯಲ್ಲಿ ಆ ಉಂಗುರ. ಹುಣಸೆ ಬೀಜಕ್ಕಿಂತ ಸಣ್ಣದು, ತೊಗರಿ ಕಾಳಿಗಿಂತ ದೊಡ್ಡದು, ಕೆಂಪು ಹರಳು. ಮದುವೆಯಲ್ಲಿ ಅವಳ ತಾಯಿ ಹಾಕಿದ್ದು. ಬೆಳಗಿನ ಬೆಂಕಿಯಲ್ಲಿ ಅದು ಹೊಳೆಯುವುದನ್ನು ನಾನು ದಿನಾ ನೋಡುತ್ತಿದ್ದೆ.

"ಮಹಾರಾಣಿ, ನೀರಾಗ ಕೈ ಹಾಕಂಗಿಲ್ಲ ನೋಡು" ಎಂದು ಕೆಣಕುತ್ತಿದ್ದೆ.

"ಹೌದ್ರಿ ವೈನಿ, ನಿಮ್ಮಂಥಾ ದಾಸಿ ಮನ್ಯಾಗ ಇರೂತನಕ ನನಗೇನ ಕಡಿಮಿ?" ಅನ್ನುತ್ತಿದ್ದಳು.

ಹೋದ ವರ್ಷ ಅವಳು ತೀರಿಕೊಂಡಳು. ಎದೆ ನೋವು ಅಂದಳು, ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಮಣ್ಣು ಮಾಡುವ ಮೊದಲು ಹೆಂಗಸರು ಉಂಗುರ ತೆಗೆದು ನನ್ನ ಕೈಯಲ್ಲಿಟ್ಟರು. ಗಂಡ ಸತ್ತಾಗ ತಿಂಗಳುಗಟ್ಟಲೆ ಜನ ಬಂದು ಹೋಗಿದ್ದರು. ನಾದಿನಿ ಸತ್ತಾಗ ಮೂರು ದಿನ ಬಂದರು, ಆಮೇಲೆ ಬಂದವರು ರೊಟ್ಟಿಗೆ ಬಂದವರು. "ಪಾಪ, ನಿಮ್ಮ ನಾದಿನಿ ಹೋದ್ರಂತಲ್ರಿ" ಅಂದು, ಅದೇ ಉಸಿರಿನಲ್ಲಿ, "ನಾಳೆಗೆ ಐವತ್ತ ಆಗ್ತಾವೇನ್ರಿ?" ಅನ್ನುವುದು. ಸಿಟ್ಟು ಬರುತ್ತಿತ್ತು, ಆದರೆ ಅವರದೇನು ತಪ್ಪು? ಗಂಡನನ್ನು ಕಳೆದುಕೊಂಡವಳನ್ನು ಕರೆಯಲು ಒಂದು ಮಾತಿದೆ, ಅವಳಿಗೊಂದು ರೀತಿ ರಿವಾಜಿದೆ. ನಾದಿನಿಯನ್ನು ಕಳೆದುಕೊಂಡವಳಿಗೆ ಏನೂ ಇಲ್ಲ. ಜನರ ಲೆಕ್ಕದಲ್ಲಿ ನನಗೆ ಏನೂ ಆಗಿರಲಿಲ್ಲ.

ಅದಕ್ಕೇ ಉಂಗುರ ಹಾಕಿಕೊಂಡೆ. ಪೆಟ್ಟಿಗೆಯಲ್ಲಿಟ್ಟು ಯಾವಾಗ ಹಾಕಲಿ? ಮದುವೆ ಮುಂಜಿಗೆ ಹಾಕಿಕೊಳ್ಳಬಹುದಿತ್ತು, ನನ್ನಂಥವಳನ್ನು ಕರೆಯುವವರಿದ್ದಿದ್ದರೆ. ನನಗೆ ಅದು ಹಂಚಿನ ಹತ್ತಿರ ಬೇಕಿತ್ತು, ಬೆಳಗಿನಲ್ಲಿ, ಕೆಲಸದ ಹೊತ್ತಿಗೆ, ಅವಳ ಕೈ ಇರುತ್ತಿದ್ದ ಕಡೆ. ರೊಟ್ಟಿ ಬಡಿದು ಬಡಿದು ನನ್ನ ಬೆರಳ ಗೆಣ್ಣುಗಳೆಲ್ಲ ದಪ್ಪಗಾಗಿವೆ, ಹಾಗಾಗಿ ಅದು ಎಡಗೈಯ ಕಿರುಬೆರಳಿಗೆ ಮಾತ್ರ ಬಂತು. ಈಗ ಬಡಿಯುವವಳೂ ನಾನೇ, ಸುಡುವವಳೂ ನಾನೇ. ಒಂದನ್ನು ಬಡಿಯುವಾಗ ಹಂಚಿನ ಮೇಲಿನದರ ಮೇಲೆ ಒಂದು ಕಣ್ಣಿಡಬೇಕು. ಹಿಟ್ಟಿನ ಕೈಯಲ್ಲೇ ಒದ್ದೆ ಅರಿವೆ ಹಿಡಿಯಬೇಕು. ಬಾಯಿಗೆ ಮಾತಿಲ್ಲ. ಮೊಬೈಲಿನಲ್ಲಿ ಏನಾದರೂ ಹಚ್ಚಿಡುತ್ತಿದ್ದೆ, ಅದರ ಪಾಡಿಗೆ ಅದು ಒದರುತ್ತಿತ್ತು.

ಮಳೆ ಮುಗಿದ ಮೇಲೆ ದಾಂಡೇಲಿಗೆ ನದಿಯಲ್ಲಿ ಬೋಟು ಆಡುವ ಮಂದಿ ಬರತೊಡಗುತ್ತಾರೆ, ನನಗೂ ಆರ್ಡರು ಹೆಚ್ಚುತ್ತದೆ. ಅಂಥ ಒಂದು ಬೆಳಿಗ್ಗೆ ರೊಟ್ಟಿಯೆಲ್ಲ ಮುಗಿಸಿ, ಬುಟ್ಟಿಗೆ ತುಂಬಿ, ಕೈ ತೊಳೆಯುವಾಗ ನೋಡುತ್ತೇನೆ, ಉಂಗುರದಲ್ಲಿ ಹರಳಿಲ್ಲ! ಹಲ್ಲು ಬಿದ್ದ ಬಾಯಿಯ ಹಾಗೆ ಬರೀ ತೂತು, ಅದರ ತುಂಬ ಹಿಟ್ಟು.

ನೆಲ ನೋಡಿದೆ, ಹಿಟ್ಟು ನಾದುವ ಪರಾತ ನೋಡಿದೆ, ಮೋರಿಗೆ ಕೈ ಹಾಕಿ ನೋಡಿದೆ. ಎಲ್ಲಿಯೂ ಇಲ್ಲ ಅಂದರೆ ಇನ್ನೊಂದೇ ಜಾಗ ಉಳಿದದ್ದು. ಬುಟ್ಟಿ ಸುರುವಿ ಕೂತೆ. ರೆಸಾರ್ಟಿಗೆ ಹೋಗಬೇಕಿದ್ದ ರೊಟ್ಟಿ, ಒಂದೊಂದನ್ನೇ ತುಂಡು ತುಂಡು ಮುರಿದು, ಬೆರಳಲ್ಲಿ ಹಿಸುಕಿ ನೋಡಿದೆ. ನನ್ನ ಕಣ್ಣು ಕೆಂಪನ್ನು ಹುಡುಕುತ್ತಿತ್ತು. ರಾಶಿ ಅರ್ಧವಾಗುವ ಹೊತ್ತಿಗೆ ಒಂದು ರೊಟ್ಟಿಯ ಅಂಚಿನಲ್ಲಿ ಗಟ್ಟಿ ಏನೋ ಹತ್ತಿತು. ತೆಗೆದು ನೋಡಿದರೆ ಬಿಳುಪಾದ ಚೂರು. ಗಾಜು! ನನ್ನ ರೊಟ್ಟಿಯಲ್ಲಿ ಗಾಜು! ತಿಂದವರ ಗತಿ ಏನು? ಅದನ್ನು ಪೇಪರಿನಲ್ಲಿ ಸುತ್ತಿ ಬದಿಗಿಟ್ಟು ಮಿಕ್ಕದ್ದನ್ನೂ ಮುರಿದೆ. ಕೊನೆಯ ರೊಟ್ಟಿಯವರೆಗೂ ಮುರಿದೆ. ಕೆಂಪು ಹರಳು ಸಿಗಲಿಲ್ಲ.

ಮುರಿದ ರೊಟ್ಟಿಯ ನಡುವೆ ಎಷ್ಟು ಹೊತ್ತು ಕೂತಿದ್ದೆನೋ. ರೆಸಾರ್ಟಿನವನ ಫೋನು ಬಂದು ಬಂದು ನಿಂತಿತು. ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು. ಪೇಪರಿನ ಪೊಟ್ಟಣ ಹಿಡಿದು ನೇರ ಹಿಟ್ಟಿನ ಗಿರಣಿಗೆ ಹೋದೆ.

ಗಿರಣಿ ಸಾಹೇಬರು ನಮ್ಮ ಜೋಳವನ್ನು ಮೊದಲಿನಿಂದಲೂ ಬೀಸಿಕೊಟ್ಟವರು. ನಾನು ಪೊಟ್ಟಣವನ್ನು ಅವರ ತಕ್ಕಡಿಯ ಮೇಲೆ ಬಿಚ್ಚಿದೆ. "ಇದೇನ್ರಿ ಸಾಹೇಬ್ರ? ಹಿಟ್ಟಿನಾಗ ಗಾಜ ಹಾಕಿ ಬೀಸ್ತೀರಿ? ಮಂದಿ ಬಾಯಾಗ ಹೋಗಿದ್ರ ಯಾರ ಹೊಣಿ?"

ಅವರು ಮುಖವೆಲ್ಲ ಹಿಟ್ಟಾಗಿ ನಿಂತಿದ್ದರು. "ಯಕ್ಕಾ, ಹೆಂಗ ಮಾತಾಡ್ತೀರಿ? ನನ್ನ ಗಿರಣ್ಯಾಗ ಗಾಜ ಎಲ್ಲಿಂದ ಬರ್ತೈತ್ರಿ? ಜೋಳ ಹಸನ ಮಾಡಿದವ್ರು ನೀವು."

"ನನಗ ಹಸನ ಮಾಡಾಕ ಬರೂದಿಲ್ಲಂತೀರೇನು?"

ಸರದಿಯಲ್ಲಿ ನಿಂತ ಹೆಂಗಸರೆಲ್ಲ ಡಬ್ಬಿ ಕೆಳಗಿಟ್ಟು ನೋಡತೊಡಗಿದರು. ನಾನು ಬಾಯಿಗೆ ಬಂದದ್ದೆಲ್ಲ ಅಂದು, ಆ ಚೂರನ್ನು ಅಲ್ಲೇ ಬಿಟ್ಟು, ದಡದಡ ನಡೆದು ಬಂದೆ. ಮನೆಗೆ ಬಂದ ಮೇಲೂ ಸಮಾಧಾನವಾಗಲಿಲ್ಲ.

ಮಧ್ಯಾಹ್ನ ಬರೀ ಉಂಗುರ ಹಿಡಿದು ಪತ್ತಾರರ ಅಂಗಡಿಗೆ ಹೋದೆ. ಪೇಟೆಯ ಒಳಗೆ ಬಂಗಾರದ ಕೆಲಸ ಮಾಡುವ ಒಬ್ಬರಿದ್ದಾರೆ, ನನಗಿಂತ ಚಿಕ್ಕವರು, ಕೈಗಿಂತ ಬಾಯಿ ಹೆಚ್ಚು ಓಡುತ್ತದೆ. ಇನ್ನೊಂದು ಕೆಂಪು ಹರಳು ತಂದು ಕೂರಿಸಿಕೊಡಿ ಅಂದೆ. ಅವರು ಮೊದಲು ಬೆಳಗಾವಿಯಿಂದ ತರಿಸಿದ ಹೊಸ ಉಂಗುರಗಳ ಡಬ್ಬಿ ತೆರೆದು ತೋರಿಸಿದರು. ನಾನು ಅತ್ತ ನೋಡದೇ ಹೋದಾಗ ಡಬ್ಬಿ ಮುಚ್ಚಿ, ನಮ್ಮ ಉಂಗುರವನ್ನು ದೀಪಕ್ಕೆ ಹಿಡಿದು, ಒಳಗಿನ ಹಿಟ್ಟನ್ನು ಸೂಜಿಯಲ್ಲಿ ಕೆದರಿದರು.

"ಈ ಉಂಗುರದ ಮನ್ಯಾಗ ಕುಂತಿದ್ದ ಹರಳ ಕೆಂಪಿರಲಿಲ್ರಿ ಅವ್ವಾರ" ಅಂದರು.

"ಏನ ಮಾತಂತ ಆಡ್ತೀರಿ? ನಾ ದಿನಾ ನೋಡೇನಿ."

"ನೀವು ನೋಡಿದ್ದ ಇದನ್ರಿ." ಸೂಜಿಯ ತುದಿಯಲ್ಲಿ ಕರಿ ಅರಗಿನ ಜೊತೆ ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ತಗಡಿನ ತುಣುಕಿತ್ತು, ಒಂದು ಮಗ್ಗುಲು ಇನ್ನೂ ಕೆಂಪಗೆ. "ಹರಳಿನ ಕೆಳಗ ಬಣ್ಣದ ತಗಡ ಇಟ್ಟ, ಅರಗ ತುಂಬಿ ಕಟ್ತಿದ್ರು. ಮ್ಯಾಲಿನ ಹರಳ ತಿಳೀದಿರ್ತೈತಿ. ಕೆಳಗಿನ ಕೆಂಪ ಮ್ಯಾಲ ಹೊಳೀತೈತಿ. ಹಳೇ ಉಂಗುರೆಲ್ಲಾ ಹಿಂಗರಿ."

"ಹಂಗಾದ್ರ ಹರಳ ಒಂದ ಬಿದ್ರ ಹೆಂಗ ಕಾಣ್ತೈತ್ರಿ?"

"ಬೆಳ್ಳಗ. ಗಾಜಿನ ಚೂರಿನಂಗ."

ಅಯ್ಯೋ ದೇವರೇ ಅಂದವಳೇ ಎದ್ದೆ. ಚಪ್ಪಲಿ ಒಂದು ಕಾಲಿಗೆ ಸಿಕ್ಕಿತು, ಇನ್ನೊಂದಕ್ಕೆ ತಡಕಾಡಬೇಕಾಯಿತು. ಸಂತೆಯ ದಿನ, ರಸ್ತೆಯ ತುಂಬ ಮಂದಿ. ಗಿರಣಿಯವರು ಅಷ್ಟು ಬೈಸಿಕೊಂಡು ಆ ಚೂರನ್ನು ಇಟ್ಟುಕೊಳ್ಳುತ್ತಾರೆಯೇ? ಕಸದ ಜೊತೆ ಗುಡಿಸಿ ಹಾಕಿರುತ್ತಾರೆ. ಕೈಗೆ ಸಿಕ್ಕಿದ್ದನ್ನು ನಾನೇ ಒಯ್ದು ಬಿಸಾಡಿ ಬಂದೆನಲ್ಲ ಎಂದು ಹಣೆ ಹಣೆ ಬಡಿದುಕೊಳ್ಳುತ್ತ ಹೋದೆ.

ನನ್ನನ್ನು ಕಾಣುತ್ತಲೇ ಸಾಹೇಬರು ಗಿರಣಿ ಬಂದ್ ಮಾಡಿದರು. "ಬರ್ರಿ ಯಕ್ಕಾ, ಮತ್ತೇನ ಸಿಕ್ತು? ಈ ಸಲ ಇಡೀ ಬಾಟ್ಲಿನ ತಂದೀರೇನು?"

ಅವರು ಬಿಸಾಡಿರಲಿಲ್ಲ. ಅವಮಾನ ಅಷ್ಟು ನಾಟಿತ್ತು ಅವರಿಗೆ. ಬೆಂಕಿಪೊಟ್ಟಣದಲ್ಲಿ ಹಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಬಂದ ಗಿರಾಕಿಗೆಲ್ಲ ತೋರಿಸಿ, "ಇದು ಗಿರಣಿ ಕಲ್ಲಿನ್ಯಾಗಿಂದ ಇಡೀ ಹೊರಗ ಬರ್ತೈತೇನ್ರಿ? ಹಿಟ್ಟಾಗಿ ಹೋಗಬೇಕಿತ್ತಲ್ರಿ?" ಎಂದು ನ್ಯಾಯ ಕೇಳುತ್ತಿದ್ದರಂತೆ. ಮಾತು ನಿಜವೇ. ನನ್ನ ತಲೆಗೆ ಅದು ಹೊಳೆದಿರಲಿಲ್ಲ.

"ಸಾಹೇಬ್ರ, ತಪ್ಪಾತ್ರಿ. ಅದು ಗಾಜಲ್ಲ. ನಮ್ಮ ನಾದಿನಿ ಉಂಗುರದ ಹರಳು" ಅಂದೆ.

ಅವರ ಮುಖದ ನಗು ಹೋಯಿತು. ಬೆಂಕಿಪೊಟ್ಟಣ ತೆಗೆದು, ಹರಳನ್ನು ಅಂಗಿಯ ತೋಳಿಗೆ ಒರೆಸಿ, ನನ್ನ ಅಂಗೈಯಲ್ಲಿಟ್ಟರು. "ಆಕಿ ಬಂದ್ರ ಹಿಟ್ಟ ಬೆರಳಾಗ ತಿಕ್ಕಿ ನೋಡಿ, ಇನ್ನಷ್ಟ ಸಣ್ಣ ಬೀಸ್ರಿ ಅಂತಿದ್ಲು. ಈಗ ಹಂಗ ಕೇಳಾವ್ರ ಯಾರೂ ಇಲ್ರಿ" ಅಂದರು. ಅವಳು ಹೋದ ಮೇಲೆ ಅವಳು ಬದುಕಿದ್ದಾಗಿನದನ್ನು ನೆನೆದು, ನಾನು ಕೇಳದೆಯೇ, ಯಾರೋ ಒಂದು ಮಾತು ಹೇಳಿದ್ದು ಅದೇ ಮೊದಲು. ಅಲ್ಲಿ ನಿಲ್ಲಲಾಗಲಿಲ್ಲ, ಬಂದುಬಿಟ್ಟೆ.

ಮರುದಿನ ಪತ್ತಾರರು ಹರಳನ್ನು ಉಜ್ಜಿ ನೋಡಿ, ಇದು ಕೆಂಪಿನ, ಅಂದರೆ ಮಾಣಿಕದ ಜಾತಿಯದೇ, ಬಣ್ಣ ಮಾತ್ರ ತೀರಾ ತಿಳಿ ಅಂದರು. ಗಾಜಾಗಿದ್ದರೆ ಹಂಚಿನ ಮೇಲೆ ಸೀಳುತ್ತಿತ್ತಂತೆ. ಆಮೇಲೆ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿ ಒಂದು ಪ್ರಶ್ನೆ ಕೇಳಿದರು.

"ಇಷ್ಟ ವರ್ಷ ಇದಕ್ಕ ನೀರ ಹೆಂಗ ಮುಟ್ಟಲಿಲ್ರಿ? ನೀರ ಒಳಗ ಹೋದ್ರ ತಗಡ ಕಪ್ಪಾಗ್ತೈತಿ. ರೊಟ್ಟಿ ಮಾಡೂ ಮನ್ಯಾಗ ಇದು ಒಂದ ವರ್ಷ ಬಾಳೂದು ಕಠಿಣ."

ನೀರಿಗೆ ಕೈ ಹಾಕುತ್ತಿದ್ದವಳು ನಾನು. ಹಿಟ್ಟು ನಾದಿದವಳು ನಾನು, ಪಾತ್ರೆ ತೊಳೆದವಳು ನಾನು. ಜಳಕಕ್ಕೆ ಹೋಗುವಾಗ ಅವಳು ಉಂಗುರ ತೆಗೆದಿಡುತ್ತಿದ್ದಳು, ಮಿಕ್ಕಂತೆ ಅವಳ ಎಡಗೈ ಇಷ್ಟೂ ಕಾಲ ಒಣಗಿಯೇ ಇತ್ತು. ನಾವಿಬ್ಬರಿದ್ದೆವು, ಅದಕ್ಕೇ ಉಂಗುರ ಕೆಂಪಗಿತ್ತು. ನಾನೊಬ್ಬಳೇ ಎರಡೂ ಕೆಲಸ ಮಾಡಿದ್ದು ಕೆಲವೇ ತಿಂಗಳು, ಅಷ್ಟರಲ್ಲಿ ಹಿಟ್ಟಿನ ನೀರು ಒಳಗೆ ಹೋಗಿ, ಬೆಂಕಿಗೆ ಅರಗು ಸಡಿಲಾಗಿ, ಹರಳು ಉದುರಿತ್ತು. ಪತ್ತಾರರಿಗೆ ಇದನ್ನೆಲ್ಲ ಹೇಳಲಿಲ್ಲ. "ಆಕಿ ಜ್ವಾಕಿಲೆ ಇಟ್ಟಿದ್ಲು" ಅಂದೆ ಅಷ್ಟೇ.

"ಹಂಗಾದ್ರ ನೀವೂ ಜ್ವಾಕಿಲೆ ಪೆಟಗ್ಯಾಗ ಇಡ್ರಿ" ಅಂದರು ಅವರು. "ಹೊಸಾ ತಗಡ ಹಾಕಿ, ಮೊದಲಿನಂಗ ಕೆಂಪ ಮಾಡಿ ಕೊಡ್ತೇನಿ. ಹಬ್ಬಕ್ಕ ಹಾಕ್ಕೋರಿ."

"ನನಗ ರೊಟ್ಟಿ ಬಡಿಯೂ ಕೈಗೆ ಬೇಕ್ರಿ."

"ರೊಟ್ಟಿ ಬಡಿಯೂ ಕೈಗೆ ಯಾರರ ಹರಳ ಕಟ್ಟಸ್ತಾರೇನ್ರಿ?"

"ನಾ ಕಟ್ಟಸ್ತೇನಿ. ಹೆಂಗ ಕಟ್ಟಿದ್ರ ನಿಲ್ತೈತಿ, ಅದನ್ನ ಹೇಳ್ರಿ."

ಅಲ್ಲಿಂದ ನಮ್ಮಿಬ್ಬರ ಜಗ್ಗಾಟ ಶುರುವಾಯಿತು. ನಾಲ್ಕು ಉಗುರು ಹರಳನ್ನು ಹಿಡಿದ ಹಾಗೆ ಕಟ್ಟುವುದು ಈಗಿನ ಫ್ಯಾಷನ್ನು, ಬೆಳಕು ಚೆನ್ನಾಗಿ ಆಡುತ್ತದೆ ಅಂದರು. ನನಗೆ ಅವರ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಇನ್ನೊಂದು ದಿನ ಡಬ್ಬಿಯಲ್ಲಿ ಒಂದು ಉಂಡೆ ಹಿಟ್ಟು ಕಲಸಿಕೊಂಡೇ ಅಂಗಡಿಗೆ ಹೋದೆ. "ಅವ್ವಾರ, ನನ್ನ ಅಂಗಡ್ಯಾಗ ರೊಟ್ಟಿ ಬಡಿಯೂದೊಂದ ಬಾಕಿ ಇತ್ತು ನೋಡ್ರಿ!" ಎಂದು ಅವರು ನಕ್ಕರು. ನಗಲಿ. ಅವರಲ್ಲಿದ್ದ ಹಿತ್ತಾಳೆಯ ಮಾದರಿ ಉಂಗುರಗಳನ್ನು ಒಂದೊಂದಾಗಿ ಹಾಕಿಕೊಂಡು ಅಲ್ಲೇ ಹಿಟ್ಟು ನಾದಿದೆ. ಉಗುರಿನ ಕಟ್ಟಿನ ಸಂದಿಯಲ್ಲೆಲ್ಲ ಹಿಟ್ಟು ಮೆತ್ತಿಕೊಂಡಿತು, ಒಣಗಿದರೆ ಸೂಜಿ ಹಾಕಿಯೇ ತೆಗೆಯಬೇಕು. ಎತ್ತರದ ಕಟ್ಟು ಹಿಟ್ಟನ್ನು ಉಳುಮೆ ಮಾಡಿತು. ಹರಳಿನ ಸುತ್ತ ಬಂಗಾರದ ಅಂಚನ್ನು ಎಬ್ಬಿಸಿ ಒಳಮುಖವಾಗಿ ಮಡಚಿ ಒತ್ತಿದ್ದೊಂದು ಇತ್ತು, ಹರಳು ಬೆರಳಿಗೆ ಅಂಟಿದ ಹಾಗೆ ತಗ್ಗಾಗಿ ಕೂತಿತ್ತು. ಅದೊಂದೇ ಸ್ವಚ್ಛವಾಗಿ ಹೊರಗೆ ಬಂತು, ನೀರು ಬಿಟ್ಟರೆ ತೊಳೆದುಹೋಯಿತು. ಇದನ್ನೇ ಕಟ್ಟಿ ಅಂದೆ. ಅರಗು ಬೇಡ, ಬೆಂಕಿಗೆ ಕರಗುವುದು ಯಾವುದೂ ಬೇಡ, ಹಿಂದೆಯೂ ಬಂಗಾರವೇ ಇರಲಿ ಅಂದೆ.

ಲೋಹದ ಮಾತು ಬಂತು. ಹಳೆಯ ಉಂಗುರ ಒಳ್ಳೆಯ ಬಂಗಾರದ್ದೇ, ಆದರೆ ಅಂಗೈ ಕಡೆಗೆ ದಾರದಷ್ಟು ಸವೆದಿತ್ತು. ಅಷ್ಟು ಮೆತ್ತಗಿನ ಬಂಗಾರದಲ್ಲಿ ಅಂಚು ಮಡಚಿದರೆ ಬಡಿತಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತದಂತೆ. ಬೆಳ್ಳಿಯಲ್ಲಿ ಮಾಡಿದರೆ ಹೇಗೆ ಅಂದೆ. ಅದೂ ಮೆತ್ತಗೆ, ಮೇಲಾಗಿ ಕಪ್ಪಾಗುತ್ತದೆ ಅಂದರು. ಸ್ಟೀಲಿಗೆ ತಮ್ಮ ಹತ್ತಿರ ಹತಾರಿಲ್ಲ, ಇದ್ದರೂ ಹರಳಿನ ಮೇಲೆ ಮಡಚಲು ಹೋದರೆ ಹರಳೇ ಒಡೆದೀತು ಅಂದರು. ಕಡೆಗೆ ಇದೇ ಬಂಗಾರ ಕರಗಿಸಿ, ತಾಮ್ರ, ಚೂರು ಬೆಳ್ಳಿ ಬೆರೆಸಿ ಹದಿನೆಂಟು ಕ್ಯಾರೆಟ್ಟಿಗೆ ಇಳಿಸಬೇಕು, ಆಗ ಗಡುಸಾಗುತ್ತದೆ ಎಂದು ಗೊತ್ತು ಮಾಡಿದೆವು. "ಬಣ್ಣ ಸ್ವಲ್ಪ ಕೆಂಪಿಗೆ ಹೊಡೀತೈತ್ರಿ, ಮಂದಿ ಕಡಿಮಿ ಬಂಗಾರ ಅಂತಾರ" ಅಂದರು. ನನ್ನ ಕೈ ನೋಡುವ ಮಂದಿ ಯಾರಿದ್ದಾರೆ?

ದಪ್ಪ ಮಾಡಲು ಇನ್ನಷ್ಟು ಬಂಗಾರ ಬೇಕಾಯಿತು. ನನ್ನ ತಾಳಿಯ ಗುಂಡುಗಳು ಪೆಟ್ಟಿಗೆಯಲ್ಲಿದ್ದವು. ಗಂಡ ಹೋದಾಗ ಬಿಚ್ಚಿದ್ದು, ಆಮೇಲೆ ಮುಟ್ಟಿರಲಿಲ್ಲ. ತಂದು ತಕ್ಕಡಿಯಲ್ಲಿಟ್ಟೆ. ಪತ್ತಾರರು ಕೈ ಹಿಂದೆಗೆದು, "ಇದನ್ನ ಉಂಗುರಕ್ಕ ಕರಗಸ್ತೀರಿ? ಮಂದಿ ಏನರ ಅಂದಾರು" ಅಂದರು. "ಅಣ್ಣಂದು, ತಂಗೀದು. ಕೂಡಿದ್ರ ಯಾರಿಗೇನ ತ್ರಾಸರಿ?" ಅಂದೆ. ಅವರು ಗುಂಡುಗಳನ್ನು ತೂಗಿದರು. ಅಳತೆ ತೆಗೆಯುವಾಗ ಬೆರಳ ಬುಡಕ್ಕೆ ತೆಗೆದರು. ಗೆಣ್ಣು ಯಾರು ದಾಟಿಸಬೇಕು ಎಂದು ಕೇಳಿ ಮತ್ತೆ ಅಳೆಸಿದೆ.

ಎಲ್ಲ ಮುಗಿಯಿತು ಅನ್ನುವಾಗ ಅವರು ಕೇಳಿದರು, "ತಗಡ ಇಡಲೋ, ಬ್ಯಾಡೋ?"

ಇಟ್ಟರೆ ಕೆಂಪು ಬರುತ್ತದೆ, ನಾನು ನೋಡಿದ ಅದೇ ಕೆಂಪು. ಆದರೆ ಎಷ್ಟು ಬಿಗಿ ಮಡಚಿದರೂ ದಿನಾ ನೀರಲ್ಲಿ ಹಿಟ್ಟಲ್ಲಿ ಅದ್ದಿದರೆ ಒಂದಲ್ಲ ಒಂದು ದಿನ ನೀರು ಇಳಿದು ತಗಡು ಕಪ್ಪಾಗುವುದೇ, ಹರಳು ಮಸಿಯ ಹಾಗೆ ಕಾಣುವುದೇ. ಮತ್ತೆ ಬಿಚ್ಚಬೇಕು, ಬಿಚ್ಚಿದರೆ ಅಂಚು ಹೋಯಿತು. ಇಡದಿದ್ದರೆ ಉಂಗುರ ಗಟ್ಟಿ, ಹರಳು ಮಾತ್ರ ನೀರಿನ ಬಣ್ಣ. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ವಿಚಾರ ಯಾರ ಜೊತೆ ಮಾಡಲಿ? ಉಪ್ಪಿಗೂ ಜಗಳಾಡಿದವರು ನಾವು, ಇದಕ್ಕೆ ಎಂಥ ಜಗಳ ಆಗುತ್ತಿತ್ತು! "ವೈನಿ, ಕೆಂಪಿಲ್ಲದ್ದ ಹಾಕ್ಕೊಂಡ ಏನ ಮಾಡ್ತೀರಿ, ನೀರಿನ ಹನಿ ಹಾಕ್ಕೊಂಡಂಗ" ಅನ್ನುತ್ತಿದ್ದಳೋ, "ಪೆಟಗ್ಯಾಗಿಟ್ಟ ಪೂಜಾ ಮಾಡ್ತೀರೇನು" ಅನ್ನುತ್ತಿದ್ದಳೋ. ಎರಡೂ ಅವಳ ದನಿಯಲ್ಲೇ ಕೇಳುತ್ತಿದ್ದವು, ಎರಡನ್ನೂ ಆಡುತ್ತಿದ್ದವಳು ನಾನೇ. ಅವಳಿದ್ದಿದ್ದರೆ ನಾನು ಊಹಿಸದ ಮೂರನೆಯ ಮಾತು ಹೇಳುತ್ತಿದ್ದಳು. ಅದು ಇನ್ನು ಸಿಗುವುದಿಲ್ಲ ಎಂಬುದು ಆ ದಿನಗಳಲ್ಲಿ ನನಗೆ ಗಟ್ಟಿಯಾಗಿ ತಿಳಿಯಿತು. ಮನೆಯಲ್ಲಿ ಕೂರಲಾಗದೆ ಎದ್ದು ಎದ್ದು ಬಾಗಿಲಿಗೆ ಬರುತ್ತಿದ್ದೆ, ಬಂದು ಏನು ನೋಡಬೇಕೆಂದು ತಿಳಿಯದೆ ಒಳಗೆ ಹೋಗುತ್ತಿದ್ದೆ.

ಒಂದು ದಿನ ರೊಟ್ಟಿಯ ಬುಟ್ಟಿ ಕೊಡಲು ದಾಂಡೇಲಿ ಬಸ್ಸು ಹತ್ತಿದೆ. ಬಸ್ಸಿನ ತುಂಬ ಹೆಂಗಸರು, ನಾನು ಎಲ್ಲರ ಕೈ ನೋಡುತ್ತ ಕೂತೆ. ಹಸಿರು ಬಳೆಯ ಕೈ, ಮದರಂಗಿಯ ಕೈ, ಮೊಬೈಲು ಹಿಡಿದ ಕೈ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬಾಕೆ ತನ್ನ ಅಕ್ಕನೋ ಯಾರೋ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಆ ಕೈ ಕಪ್ಪೋ ಕೆಂಪೋ, ಉಂಗುರವಿತ್ತೋ ಇಲ್ಲವೋ, ಒಂದೂ ನನ್ನ ನೆನಪಿಗಿಲ್ಲ. ಅದು ಅಲ್ಲಿತ್ತು ಎಂಬುದಷ್ಟೇ ನೆನಪಿದೆ. ಹೊಟ್ಟೆಕಿಚ್ಚಾಯಿತು ನನಗೆ, ಸುಳ್ಳು ಯಾಕೆ ಹೇಳಲಿ. ದಾಂಡೇಲಿ ಬಂದಾಗ ಬುಟ್ಟಿ ಇಳಿಸಿ ಅಲ್ಲಿಂದಲೇ ಪತ್ತಾರರಿಗೆ ಫೋನು ಮಾಡಿದೆ. ಬಣ್ಣ ಹೇಗಾದರೂ ಇರಲಿ, ಅದು ಕೈಯಲ್ಲಿದ್ದರೆ ಸಾಕಿತ್ತು. ತಗಡು ಬೇಡ, ಬರೀ ಹರಳು ಕಟ್ಟಿ ಅಂದೆ.

"ಖರೇನರಿ? ಆಮ್ಯಾಗ ಬಣ್ಣಿಲ್ಲಂತ ನನ್ನ ಮ್ಯಾಲ ಹರಿಹಾಯಬ್ಯಾಡ್ರಿ."

"ಇಲ್ರಿ. ಕಟ್ರಿ."

ವಾರ ಬಿಟ್ಟು ಹೋದೆ. ಉಂಗುರ ದಪ್ಪಗೆ, ತಗ್ಗಾಗಿ, ಸ್ವಲ್ಪ ತಾಮ್ರದ ಬಣ್ಣ ಹೊಡೆಯುತ್ತ ಕೂತಿತ್ತು. ಹರಳು ಅಕ್ಕಿ ತೊಳೆದ ನೀರಿನ ಹಾಗೆ, ದೀಪಕ್ಕೆ ಹಿಡಿದಾಗ ಮಾತ್ರ ಎಲ್ಲೋ ಒಂದಿಷ್ಟು ಗುಲಾಬಿ. ಸಾಬೂನು ಹಚ್ಚಿ ಗೆಣ್ಣು ದಾಟಿಸಿದರು. ಈ ಸಲ ಕಿರುಬೆರಳಲ್ಲ, ಅವಳು ಹಾಕುತ್ತಿದ್ದ ಬೆರಳಿಗೇ ಬಂತು. ಪತ್ತಾರರಿಗೆ ತಮ್ಮ ಕೆಲಸದ ಮೇಲೆ ಬಹಳ ಖುಷಿಯಾಗಿತ್ತು. ಬೆರಳಿನಿಂದ ಹರಳನ್ನು ಒತ್ತಿ ಒತ್ತಿ ತೋರಿಸಿದರು.

"ನೋಡ್ರಿ ಅವ್ವಾರ, ಎಷ್ಟ ಬಡೀರಿ, ನೀರಾಗ ಅದ್ದರಿ, ಬೆಂಕಿ ಹತ್ರ ಹಿಡೀರಿ. ಇನ್ನ ನೀವೊಬ್ಬರ ಎರಡೂ ಕೆಲಸ ಮಾಡ್ಕೊಂಡ ಹೋಗ್ರಿ, ಇದಕ್ಕೇನೂ ಆಗೂದಿಲ್ಲ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು "ಹೌದ್ರಿ" ಅಂದೆ. ಆದರೆ ಏಳದೆ ಬೆರಳಲ್ಲಿ ಉಂಗುರ ತಿರುಗಿಸುತ್ತ ಕೂತೆ. ಅವಳನ್ನು ಜೊತೆಗಿಟ್ಟುಕೊಳ್ಳಲು ಅಂತ ಇಷ್ಟೆಲ್ಲ ಓಡಾಡಿದ್ದೆ. ಹಿಟ್ಟು ತಂದು, ಹಟ ಹಿಡಿದು, ತಾಳಿ ಕರಗಿಸಿ ನಾನು ಮಾಡಿಸಿಕೊಂಡದ್ದು ಒಬ್ಬಳೇ ದುಡಿಯುವವಳ ಉಂಗುರ. ಇಬ್ಬರಿದ್ದ ಮನೆಗೆ ಇಷ್ಟು ಗಟ್ಟಿಯದು ಬೇಕಾಗಿರಲೇ ಇಲ್ಲ. ಪತ್ತಾರರು ನೀರು ತರಿಸಿಕೊಟ್ಟರು, ಕುಡಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಆರ್ಡರಿತ್ತು. ಹಿಟ್ಟು ನಾದಿದೆ, ಬಡಿದೆ, ಹಂಚಿಗೆ ಹಾಕಿದೆ, ಅರಿವೆ ಹಿಡಿದು ನೀರು ಸವರಿದೆ. ಉಂಗುರ ಎಲ್ಲಿಯೂ ತೊಡರಲಿಲ್ಲ, ರೊಟ್ಟಿಗೆ ಗೀರು ಬೀಳಲಿಲ್ಲ. ಎರಡನೆಯದನ್ನು ಬಡಿಯುತ್ತಿರುವಾಗ, "ತಿರುವಿ ಹಾಕವಾ, ಸೀದೀತು" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವಳು ಹೋದಂದಿನಿಂದ ಒಂದು ದಿನವೂ ಹಾಗೆ ಬಾಯಿ ತಪ್ಪಿರಲಿಲ್ಲ. ಹಿಟ್ಟಿನ ಕೈಯನ್ನು ಪರಾತದಲ್ಲೇ ಬಿಟ್ಟು ಜೋರಾಗಿ ಅತ್ತೆ, ನೆರೆಮನೆಗೆ ಕೇಳಿದರೆ ಕೇಳಲಿ ಎಂದು ಅತ್ತೆ. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಮನೆಯೆಲ್ಲ ಹೊಗೆ ತುಂಬಿದ ಮೇಲೆ ಎದ್ದು ಅದನ್ನು ತೆಗೆದು ಹಾಕಿ, ನಲ್ಲಿಯ ಕೆಳಗೆ ಕೈ ಹಿಡಿದೆ. ಹಿಟ್ಟೆಲ್ಲ ಹರಿದುಹೋಯಿತು. ಉಂಗುರಕ್ಕೆ ಏನೂ ಆಗಿರಲಿಲ್ಲ.